ರೊಟ್ಟಿ ಬಡಿಯುವ ಸಪ್ಪಳ

ಪುಣೆ, ಮಾರ್ಚ್ ೨೦೦೯

ಲಗ್ಗೆರೆಯ ನಾಗಲಕ್ಷ್ಮಮ್ಮನವರಿಗೆ ನಮಸ್ಕಾರ.

ಇಲ್ಲಿಯ ಕೆಲಸ ನೋಡಿದೆವು. ನಮ್ಮ ಮನೆಯವರಿಗೆ ಪೀಣ್ಯಕ್ಕಿಂತ ಸಂಬಳ ಜಾಸ್ತಿ. ನನಗೂ ಪ್ಯಾಕಿಂಗ್ ಕೆಲಸ ಕೊಡುತ್ತಾರಂತೆ. ಓಣಿಯ ತುಂಬ ನಮ್ಮ ಹಾಗೆ ಜೋಳದ ರೊಟ್ಟಿ ಬಡಿಯುವವರೇ ಇದ್ದಾರೆ.

ನಿಮ್ಮ ಮನೆಗೆ ಬಾಡಿಗೆಗೆ ಬಂದ ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ನೀವು ಓಡಿ ಬಂದು ಬಾಗಿಲು ಗುದ್ದಿದಿರಿ. "ಹೆಂಡ್ತೀನ ಯಾಕೋ ಹಂಗೆ ಹೊಡೀತಿದ್ದೀಯಾ? ಬಾರೋ ಆಚೆಗೆ!" ಎಂದಿರಿ. ಅದನ್ನು ನೆನೆದು ಇವರು ಇವತ್ತಿಗೂ ನಗುತ್ತಾರೆ. ನನಗಾಗಿ ಹಾಗೆ ಓಡಿ ಬಂದವರು ನೀವೊಬ್ಬರೇ, ಅಮ್ಮಾ.

ಇಲ್ಲಿ ಅಂಥ ಸಪ್ಪಳ ಕೇಳಿದರೆ ಎಲ್ಲರೂ ರೊಟ್ಟಿ ಎಂದುಕೊಂಡು ಸುಮ್ಮನಿರುತ್ತಾರೆ.

ಕೋಣೆಯನ್ನು ಯಾರಿಗೂ ಕೊಡಬೇಡಿ. ಇಲ್ಲಿಯ ಕೆಲಸ ಬೇಡವೆಂದು ಇವರನ್ನು ಒಪ್ಪಿಸಿದ್ದೇನೆ, ಯುಗಾದಿಗೆ ವಾಪಸ್ ಬರುತ್ತೇವೆ.

ನಿಮ್ಮ ಮಹಡಿ ಕೋಣೆಯ
ಮಹಾನಂದಾ