ಕಿವಿಗೆ ಹತ್ತಿ ತುಂಬಿ ಗೆದ್ದ ಆಟ

ಸುಬಾಂಗ್ ಜಯಾ, ಮಲೇಷ್ಯಾ,
ಅಕ್ಟೋಬರ್ ೨೦೨೧

ಅಪ್ಪಾ,

ಫೋನಿನಲ್ಲಿ ನಿಮಗೆ ನನ್ನ ಮಾತು ಕೇಳುವುದಿಲ್ಲ, ಅದಕ್ಕೇ ಈ ಕಾರ್ಡು. ಚೆಂಡಿನ ಸದ್ದೇ ಕೇಳದ ಮೇಲೆ ಟೆನಿಸ್ ಏನು ಬಂತು ಎಂದು ನೀವು ರ‍್ಯಾಕೆಟ್ಟನ್ನು ಅಟ್ಟಕ್ಕೆ ಹಾಕಿದಿರಂತೆ. ನನಗೆ ಆಟ ಕಲಿಸುವಾಗ ಇಂಗ್ಲೆಂಡಿನ ಶಾರ್ಲೆಟ್ ಸ್ಟೆರಿಯ ಕಥೆ ಹೇಳಿದವರು ನೀವೇ. ಕಿವಿ ಹೋದ ಮೇಲೂ ಅವಳು ಮೂರು ಸಲ ವಿಂಬಲ್ಡನ್ ಗೆದ್ದಳು. ಕೊನೆಯದು ಮೂವತ್ತೇಳನೇ ವಯಸ್ಸಿನಲ್ಲಿ, ೧೯೦೮ರಲ್ಲಿ.

ಲಾಕ್‌ಡೌನ್ ಸಡಿಲವಾಗಿ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಕೋರ್ಟ್ ತೆರೆದಿದೆ. ನಿನ್ನೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ನನಗಿಂತ ಹತ್ತು ವರ್ಷ ಚಿಕ್ಕವಳಾದ ಪಕ್ಕದ ಮನೆಯ ವಿಸ್ಮಯಾಳ ಜೊತೆ ಆಡಿದೆ. ಮೊದಲ ಸೆಟ್ ಸೋತೆ. ಆಮೇಲೆ ಸದ್ದಿಗೆ ಕಾಯುವುದು ಬಿಟ್ಟು ಅವಳ ಭುಜವನ್ನೇ ನೋಡಿದೆ. ಮುಂದಿನ ಎರಡೂ ನನ್ನವು. ಬಾಲ್ಕನಿಗಳಲ್ಲಿ ಮಾಸ್ಕ್ ಹಾಕಿಕೊಂಡವರೆಲ್ಲ ಚಪ್ಪಾಳೆ ತಟ್ಟಿದರು. ಸದ್ದಿಲ್ಲ, ಬರೀ ಕೈಗಳು.

ಹತ್ತಿ ತೆಗೆದಾಗ ವಿಸ್ಮಯಾ ಇಲ್ಲಿಯವರ ಹಾಗೆ ‘ಲಾ’ ಸೇರಿಸಿ, “ನಾಳೆ ನಾನೂ ಹತ್ತಿ ಇಟ್ಕೊಂಡೇ ಬರ್ತೀನಿ ಲಾ, ಅಕ್ಕ,” ಎಂದಳು.

ಎರಡನೇ ಡೋಸ್ ಆಯಿತು, ಜ್ವರ ಬರಲಿಲ್ಲ. ಊರಿಗೆ ಮತ್ತೆ ವಿಮಾನ ಶುರುವಾದ ಕೂಡಲೇ ಹೊರಡುತ್ತೇನೆ. ನೀವು ನನಗೆ ಸಿಗಬೇಕಾದದ್ದು ಕೋರ್ಟಿನಲ್ಲಿ, ಮನೆಯಲ್ಲಲ್ಲ.

ನಿಮ್ಮ ಸ್ವರ್ಣ