ಬೇಸ್‌ನವನಿಗೆ ಬಿಟ್ಟ ಸ್ವರ

ರಂಗಮಂದಿರದ ಗ್ರೀನ್ ರೂಮು
ಗುರುವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ನನ್ನ ಮನೆಯ ಮಹಾರಾಣಿಗೆ,

ನಿನ್ನ ದೊರೆ ಬರೆಯುತ್ತಿದ್ದಾನೆ. ಕಿರೀಟ ಮೇಜಿನ ಮೇಲಿದೆ. ಅರ್ಧ ಮೀಸೆ ಮುಖದ ಮೇಲಿದೆ, ಇನ್ನರ್ಧ ಅಂಟಿನ ಬಾಟಲಿಯ ಪಕ್ಕ ಒಣಗುತ್ತಿದೆ. ಪರದೆ ಏಳುವುದಕ್ಕೆ ಇನ್ನೂ ನಾಲ್ಕು ಗಂಟೆ ಇದೆ. ಸಾವಿರ ಜನರ ಕೊನೆಯ ಸಾಲಿಗೂ ಮೈಕಿಲ್ಲದೆ ಮುಟ್ಟುವ ಗಂಟಲು ನನ್ನದು ಎಂದು ಊರೆಲ್ಲ ಕೊಚ್ಚಿಕೊಂಡವನು ನಾನು. ಆದರೆ ಕಳೆದ ಹದಿನಾರು ದಿನ ಊಟದ ಮೇಜಿನ ಆಚೆ ಬದಿಗೆ ಕೂತ ನಿನಗೆ ಒಂದು ಮಾತು ಮುಟ್ಟಿಸಲು ಈ ಗಂಟಲಿಗೆ ಆಗಲಿಲ್ಲ. ಅದಕ್ಕೇ ಕಾಗದ.

ಸೋಮವಾರ ನೀನು ಆ ಸಮುದ್ರದಂಚಿನ ಹೋಟೆಲಿನವರಿಗೆ ಉತ್ತರ ಕೊಡಬೇಕು. ನೀನು, ಡ್ರಮ್ಸ್ ಬಾರಿಸುವ ಬಸ್ ಡ್ರೈವರ್, ಮತ್ತೆ ಅವನು, ಮೂವರೂ ಹೋಗಿ ಮೂರು ತಿಂಗಳು ಅಲ್ಲಿದ್ದು ದಿನವೂ ಸಂಜೆ ಜಾಝ್ ಬಾರಿಸಬೇಕು. ನೀನು ಹೂಂ ಅನ್ನುತ್ತೀಯ ಎಂದು ನನಗೆ ಗೊತ್ತು. ಯಾಕೆ ಹೂಂ ಅನ್ನುತ್ತೀಯ ಎಂಬುದೂ ಗೊತ್ತು. ಆ ಕಾರಣ ತಪ್ಪು. ಅದು ತಪ್ಪು ಎಂದು ಈ ಪ್ರಪಂಚದಲ್ಲಿ ಬಲ್ಲವನು ನಾನೊಬ್ಬನೇ. ಈಗ ಸಮಾಧಾನವಾಗಿ ಕೂತು ಓದು. ಓದಿ ಮುಗಿಯುವವರೆಗೆ ಮಗಳಿಗೆ ಫೋನ್ ಮಾಡಬೇಡ.

ನಿನ್ನ ಎಡಗೈಯಿಂದ ಶುರುಮಾಡುತ್ತೇನೆ. ರೋಗಿಯ ನರ ಹುಡುಕಿ, ಅವನು ಗೋಡೆಯ ಕ್ಯಾಲೆಂಡರ್ ನೋಡಿ ಮುಗಿಸುವಷ್ಟರಲ್ಲಿ ರಕ್ತ ತೆಗೆದು ಹತ್ತಿ ಒತ್ತುವ ಕೈ ಅದು. ಲ್ಯಾಬಿನಿಂದ ಬಂದು, ಬ್ಯಾಗು ಸೋಫಾದ ಮೇಲೆ ಎಸೆದು, ಚಹಾ ಕೂಡ ಕುಡಿಯದೆ ಪಿಯಾನೋದ ಮುಂದೆ ಕೂರುತ್ತಿದ್ದೆ. ಕಲಿತ ಮೊದಲ ವರ್ಷ ಕೈತುಂಬ ಬಾರಿಸುತ್ತಿದ್ದೆ. ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತಿದರೆ ಕಾರ್ಡ್, ಅದರ ಬುಡದ ಸ್ವರಕ್ಕೇ ಕಾರ್ಡಿನ ಹೆಸರು ಎಂದು ನೀನೇ ನನಗೆ ಹೇಳಿಕೊಟ್ಟಿದ್ದೆ. ಆ ಬುಡದ ಸ್ವರ ನೆಲ ಕುಟ್ಟಿದ ಹಾಗೆ ದುಮ್ಮೆನ್ನುತ್ತಿತ್ತು. ನನಗೆ ಅದೇ ಹಿತ. ರಾಜನ ಪ್ರವೇಶವೆಂದರೆ ಹಾಗಿರಬೇಕು.

ಕನ್ನಡಕ ಬಂದಮೇಲೆ ಬುಡ ಮಾಯವಾಯಿತು.

ಅವನನ್ನು ನಾನು ಮನಸ್ಸಿನಲ್ಲಿ ಕನ್ನಡಕ ಎಂದೇ ಕರೆಯುವುದು. ಹಗಲೆಲ್ಲ ಅಂಗಡಿಯಲ್ಲಿ ಊರವರ ಮೂಗಿನ ಮೇಲೆ ಕನ್ನಡಕ ಏರಿಸುತ್ತಾನೆ. ಸಂಜೆ ತನಗಿಂತ ಎತ್ತರದ, ದಪ್ಪ ದನಿಯ ಬೇಸ್ ವಾದ್ಯವನ್ನು ತಬ್ಬಿಕೊಂಡು ಕಣ್ಣು ಮುಚ್ಚುತ್ತಾನೆ. ಮಾತಿಲ್ಲ, ಕತೆಯಿಲ್ಲ. ನಾನು ಕೇಳಿದ್ದಕ್ಕೆ ನೀನು ಹೇಳಿದ್ದು ನೆನಪಿದೆ: “ಬುಡದ ಸ್ವರ ಬೇಸ್‌ನವರು ಬಾರಿಸ್ತಾರಲ್ರೀ. ನಾನೂ ಅದನ್ನೇ ಒತ್ತಿದ್ರೆ ಇಬ್ರೂ ಒಂದೇ ಕುರ್ಚಿ ಮೇಲೆ ಕೂತ ಹಾಗಾಗುತ್ತೆ. ನಾನು ಮಧ್ಯದ ಎರಡು ಸ್ವರ ಹಿಡಿದ್ರೆ ಸಾಕು.” ಸರಿ, ನಾಲ್ಕು ಜನರ ಮುಂದೆ ಬಿಡು, ಒಪ್ಪಿದೆ. ಮನೆಯಲ್ಲಿ? ಮನೆಯಲ್ಲಿ ಬೇಸ್ ಎಲ್ಲಿದೆ? ನಾನು ಪೇಪರ್ ಓದುತ್ತ ಎದುರಿಗೇ ಕೂತಿರುವಾಗ, ಒಂದೊಂದು ಕಾರ್ಡಿನಲ್ಲೂ ಅವನ ಜಾಗ ಖಾಲಿ ಬಿಟ್ಟು ಬಾರಿಸುತ್ತಿದ್ದೆ. ಊಟಕ್ಕೆ ಬಾರದವನಿಗೆ ದಿನವೂ ತಟ್ಟೆ ಇಟ್ಟ ಹಾಗೆ. ಒಂದು ದಿನ ನಾನು ಎದ್ದು ಬಂದು, ಒಂದು ಬೆರಳಿನಿಂದ ಆ ಬುಡದ ಸ್ವರ ಒತ್ತಿದೆ. ನೀನು ನಕ್ಕು, “ದೊರೆಗಳು ಸಿಂಹಾಸನಕ್ಕೆ ಹೋಗಿ ಕೂತ್ಕೊಳ್ಳಿ” ಎಂದೆ. ನಗುವ ಮಾತೇ. ನನಗೆ ಎರಡು ದಿನ ಊಟ ಸೇರಲಿಲ್ಲ.

ಇನ್ನು ಮುಚ್ಚಿಟ್ಟದ್ದು. ಮಂಗಳವಾರ ಮಂಗಳವಾರ ರಿಹರ್ಸಲ್ ಎಂದು ಹೊರಡುತ್ತಿದ್ದೆನಲ್ಲ, ಏಳು ತಿಂಗಳಿಂದ ಯಾವ ರಿಹರ್ಸಲ್ಲೂ ಇರಲಿಲ್ಲ. ನಾನು ಪಿಯಾನೋ ಕಲಿಯುತ್ತಿದ್ದೆ. ಬಟ್ಟೆ ಒಗೆಯುವ ಅಂಗಡಿಯ ಮಹಡಿಯಲ್ಲಿ ಒಬ್ಬ ಮುದುಕಿ ಇದ್ದಾರೆ, ಬ್ಯಾಂಡುಗಳಲ್ಲಿ ನಲವತ್ತು ವರ್ಷ ಬಾರಿಸಿದವರು. ನೆಲದ ಸಂದಿನಿಂದ ಇಸ್ತ್ರಿಯ ಹಬೆ ಮೇಲೇರುತ್ತದೆ, ಕಾಲು ಸುಡುತ್ತದೆ. ಯಾಕೆ ಕಲಿಯಬೇಕು ಎಂದು ಕೇಳಿದರು. ಕಲಾಸೇವೆ ಎಂದೆ. ಸುಳ್ಳು. ನೀನೂ ಅವನೂ ವಾದ್ಯದಲ್ಲಿ ಏನು ಮಾತಾಡಿಕೊಳ್ಳುತ್ತೀರಿ ಎಂದು ತಿಳಿಯಬೇಕಿತ್ತು. ಗೋಡೆಗೆ ಕಿವಿ ಕೊಡುವವನೂ ಮೊದಲು ಆ ಭಾಷೆ ಕಲಿಯಬೇಕಷ್ಟೆ.

ಮುದುಕಿ ನನ್ನ ಮರ್ಯಾದೆ ಮೂರಾಬಟ್ಟೆ ಮಾಡಿದರು. ಎಂಟು ಆವರ್ತದಷ್ಟು ನಿಮ್ಮದೇ ಏನಾದರೂ ಹುಟ್ಟಿಸಿ ಬಾರಿಸಿ ಎಂದರು. ನಾನೋ, ಹುಟ್ಟಿದ್ದೇ ನಾಟಕದ ಕಂಪನಿಯ ಡೇರೆಯಲ್ಲಿ. ಬರೆದದ್ದನ್ನು ಬಾಯಿಪಾಠ ಮಾಡುವುದು ರಕ್ತದಲ್ಲಿದೆ. ಬಸ್ಸಿನಲ್ಲೇ ಬರೆದುಕೊಂಡು, ಗಟ್ಟಿಮಾಡಿಕೊಂಡು ಹೋಗಿ ಬಾರಿಸಿದೆ. ಚೆನ್ನಾಗಿದೆ, ಇನ್ನೊಂದು ಸಲ ಎಂದರು. ಅದನ್ನೇ ಬಾರಿಸಿದೆ. ಇನ್ನೊಂದು ಸಲ ಎಂದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಾರಿಸಿ, ಬೆನ್ನು ನೆಟ್ಟಗೆ ಮಾಡಿ ಕೂತೆ. “ಇದೇನು ಡೈಲಾಗ್ ಒಪ್ಪಿಸ್ತಿದ್ದೀರಾ? ಎದುರಿಗಿರೋರು ಏನಂದ್ರು ಅಂತ ಕೇಳಿಸ್ಕೊಂಡು, ಅದಕ್ಕೆ ಉತ್ತರ ಕೊಡೋದಪ್ಪಾ ಇದು. ಮನೇಲಿ ಅಭ್ಯಾಸ ಇಲ್ವಾ?” ಎಂದರು. ಇಲ್ಲ ಟೀಚರ್ ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಜನ್ಮದಲ್ಲಿ ಮಾತಾಡಿಲ್ಲ.

ಅವರ ಗೋಡೆಯ ಮೇಲೆ ಗಡಿಯಾರದಂಥ ಒಂದು ಚಿತ್ರವಿದೆ. ಗಂಟೆಗಳ ಬದಲು ಹನ್ನೆರಡು ಸ್ವರ ಬರೆದಿದೆ. ಪಕ್ಕಪಕ್ಕದವು ನೆಂಟರು, ದೂರ ಹೋದಷ್ಟೂ ಅಪರಿಚಿತರು ಎಂದು ಹೇಳಿಕೊಟ್ಟರು. ನನ್ನ ಕಣ್ಣು ಹೋಗಿದ್ದು ಎದುರುಬದುರು ನಿಂತವುಗಳ ಮೇಲೆ. ಒಂದು ಗಂಟೆಯ ಜಾಗದಲ್ಲಿ ಜಿ. ಅದರ ನೇರ ಎದುರಿಗೆ, ಏಳರ ಜಾಗದಲ್ಲಿ, ಡಿ ಫ್ಲ್ಯಾಟ್. ಹನ್ನೆರಡರಲ್ಲಿ ಇದಕ್ಕಿಂತ ದೂರದವರು ಇಲ್ಲ. ಹುಟ್ಟಾ ವೈರಿಗಳು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಕೇಳಿ ತಿಳಿದುಕೊಳ್ಳುವ ಬುದ್ಧಿ ನಮ್ಮಂಥ ನಾಯಕ ನಟರಿಗೆ ಎಲ್ಲಿಂದ ಬರಬೇಕು.

ಈಗ ಕೇಳು. ಅಂದು ಶನಿವಾರ, ಮೂರು ವಾರವಾಗುತ್ತ ಬಂತು. ಸಂಜೆ ನಮ್ಮೂರ ಹೋಟೆಲಿನ ಮಹಡಿಯಲ್ಲಿ ನಿಮ್ಮ ಕಾರ್ಯಕ್ರಮ. ಅಲ್ಲಿಯ ಯಜಮಾನರು ಕೊನೆ ಗಳಿಗೆಯಲ್ಲಿ ಒಂದು ಹಳೆಯ ಹಾಡು ಬೇಕೆಂದರು. ನೀನು ಲ್ಯಾಬಿಗೆ ಹೋಗಿದ್ದೆ. ಕನ್ನಡಕ ಅಂಗಡಿಗೆ ಹೋಗುವ ದಾರಿಯಲ್ಲಿ ನಮ್ಮ ಬಾಗಿಲು ತಟ್ಟಿ, “ಸರ್, ಇದು ಮೇಡಂಗೆ. ಪ್ರಾಕ್ಟೀಸ್ ಮಾಡೋಕೆ ಟೈಮಿಲ್ಲ, ಅವರು ಹಾಳೆ ನೋಡಿದ್ರೆ ಸಾಕು” ಎಂದು ಒಂದು ಹಾಳೆ ಕೊಟ್ಟ. ನೀರು ಕುಡಿಯುತ್ತೀರಾ ಎಂದೂ ನಾನು ಕೇಳಲಿಲ್ಲ. ಎಂಟು ಸಾಲು, ಬರೀ ಕಾರ್ಡುಗಳ ಹೆಸರು, ನೀಟಾದ ಸಣ್ಣ ಅಕ್ಷರ. ಏಳನೇ ಸಾಲಿನ ಕೊನೆಯಲ್ಲಿ, ಹಾಡು ತನ್ನ ಮೂಲ ಸ್ವರಕ್ಕೆ, ಮನೆಗೆ, ಮರಳುವ ಹೊಸ್ತಿಲಿನಲ್ಲಿ, ಜಿ ಸೆವೆನ್, ಎಂದರೆ ಜಿ ಬುಡದ ಕಾರ್ಡ್.

ಹದಿನೈದು ವರ್ಷ ಕಂಪನಿಯಲ್ಲಿ ಒಬ್ಬೊಬ್ಬ ನಟನಿಗೂ ಅವನ ಪಾತ್ರದ ಮಾತು ಕೈಯಲ್ಲಿ ನಕಲು ಮಾಡಿಕೊಟ್ಟವನು ನಾನು. ಯಾರ ಅಕ್ಷರ ಬೇಕು ಹೇಳು, ಬರೆಯುತ್ತೇನೆ. ಇಡೀ ಹಾಳೆ ಅವನದೇ ಅಕ್ಷರದಲ್ಲಿ ಹೊಸದಾಗಿ ಬರೆದೆ. ಆ ಒಂದು ಕಡೆ ಮಾತ್ರ ಜಿ ಸೆವೆನ್ ತೆಗೆದು ಡಿ ಫ್ಲ್ಯಾಟ್ ಸೆವೆನ್ ಹಾಕಿದೆ. ಒಂದೇ ಒಂದು ಕಾರ್ಡ್, ಒಂದೇ ಒಂದು ಸಲ. ಅವನ ಹಾಳೆಯಲ್ಲಿ ಒಂದು, ನಿನ್ನ ಹಾಳೆಯಲ್ಲಿ ಇನ್ನೊಂದು. ಜನರ ಮುಂದೆ ನೀವಿಬ್ಬರೂ ಡಿಕ್ಕಿ ಹೊಡೆಯಬೇಕು. ಇವರ ಹೊಂದಾಣಿಕೆ ಇಷ್ಟೇನಾ ಎಂದು ಲೋಕ ನೋಡಬೇಕು. ನೀನು ಕೆಂಡವಾಗಿ ಮನೆಗೆ ಬರಬೇಕು, ನಾನು ಸಮಾಧಾನ ಮಾಡಬೇಕು. ಸಮಾಧಾನದ ಮಾತುಗಳನ್ನೂ ಬರೆದಿಟ್ಟುಕೊಂಡಿದ್ದೆ ಎಂದರೆ ನಿನ್ನ ಗಂಡ ಎಂಥವನೆಂದು ನೀನೇ ಅಳೆದುಕೋ.

ಕಂಬದ ಪಕ್ಕದ ಮೇಜಿನಲ್ಲಿ ಕೂತಿದ್ದೆ. ಒಂದನೇ ಸಾಲು, ಎರಡನೇ ಸಾಲು. ಏಳನೇ ಸಾಲು ಬಂತು. ನೀನು ಎಡಗೈಯಲ್ಲಿ ಆ ಕಾರ್ಡಿನ ಮಧ್ಯದ ಎರಡು ಸ್ವರ ಹಿಡಿದು, ಬಲಗೈಯಲ್ಲಿ ಅದರದೇ ಇನ್ನೊಂದು ಸ್ವರ ಮೇಲೆ ಸೇರಿಸಿದೆ. ಡಿಕ್ಕಿಯಾಗಲಿಲ್ಲ. ಏನೋ ಒಂದು ಬಣ್ಣ ಬದಲಾಯಿತು, ಸಂಜೆ ಬೆಳಕಿಗೆ ಯಾರೋ ಕಿಟಕಿಯ ಪರದೆ ಸ್ವಲ್ಪ ಸರಿಸಿದ ಹಾಗೆ. ಕನ್ನಡಕ ಕಣ್ಣು ಬಿಟ್ಟ. ಹಾಡು ಎರಡನೇ ಸುತ್ತಿಗೆ ಬಂದಾಗ ಅವನೂ ತನ್ನ ಹಾಳೆ ಬಿಟ್ಟು ನಿನ್ನ ಬುಡಕ್ಕೇ ಇಳಿದ. ಅಲ್ಲಿಂದ ಅರ್ಧ ಹೆಜ್ಜೆ ಕೆಳಗೆ ಜಾರಿದರೆ ಹಾಡಿನ ಮನೆ. ಇಬ್ಬರೂ ಒಟ್ಟಿಗೆ ಜಾರಿ ಬಂದಿರಿ. ನನ್ನ ಪಕ್ಕದ ಮೇಜಿನವನು ಚಮಚ ಕೆಳಗಿಟ್ಟು ಆಹಾ ಎಂದ. ನೀನು ಅವನ ಕಡೆ ನೋಡಿ ನಕ್ಕೆ.

ಆ ನಗು ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ, ಮೂರನೇ ಅಂಕದಲ್ಲಿ ಮಾತು ಮರೆತು ನಾನು ಬಾಯಿಗೆ ಬಂದದ್ದು ಹೇಳಿ ಚಪ್ಪಾಳೆ ಗಿಟ್ಟಿಸಿದ ದಿನ, ಮೊದಲ ಸಾಲಿನಿಂದ ನೀನು ನಕ್ಕ ನಗು ಅದು. ಆಮೇಲೆ ಎಂದೂ ನಾನು ಮಾತು ಮರೆಯಲಿಲ್ಲ; ಆ ನಗುವೂ ಬರಲಿಲ್ಲ. ಅದನ್ನು ಈಗ ನನ್ನ ಕೈಯಾರೆ ಬರೆದು, ಇನ್ನೊಬ್ಬನಿಗೆ ಕಳಿಸಿಕೊಟ್ಟಿದ್ದೆ.

ಮುಂದಿನ ಮಂಗಳವಾರ ಮುದುಕಿಯ ಹತ್ತಿರ ಓಡಿದೆ. ಜಿ ಇರುವ ಕಡೆ ಡಿ ಫ್ಲ್ಯಾಟ್ ಹಾಕಿದರೆ ಏನಾಗುತ್ತೆ ಎಂದು ಸುಮ್ಮನೆ ಕೇಳಿದವನ ಹಾಗೆ ಕೇಳಿದೆ. “ಅರೆ, ನಾನಿನ್ನೂ ಅಲ್ಲಿಗೆ ಬಂದೇ ಇಲ್ಲ, ಯಾರು ಹೇಳ್ಕೊಟ್ರು?” ಎಂದು ಖುಷಿಯಾಗಿ ಬಾರಿಸಿ ತೋರಿಸಿದರು. ಎರಡು ಕಾರ್ಡಿನ ಬುಡ ಬೇರೆ, ಆದರೆ ಮಧ್ಯದ ಆ ಎರಡು ಸ್ವರ ಎರಡಕ್ಕೂ ಒಂದೇ. ಜಾಝ್‌ನವರು ಬೇಕೆಂದೇ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಾರಂತೆ, ಅದು ಅವರ ಹಳೆಯ ಚಮತ್ಕಾರವಂತೆ. ನೀನು ಬುಡದ ಸ್ವರ ಒತ್ತಿದ್ದರೆ ಮೊದಲ ಸುತ್ತಿನಲ್ಲಿ ಅವನ ಸ್ವರಕ್ಕೆ ಬಡಿದು ಎಲ್ಲ ಕೆಡುತ್ತಿತ್ತು. ನೀನು ಅದನ್ನು ಅವನಿಗೇ ಬಿಟ್ಟಿದ್ದೆ. ಯಾವ ಖಾಲಿ ಜಾಗ ಕಂಡು ನಾನು ಉರಿದುಹೋಗಿದ್ದೆನೋ, ಅದೇ ನಿಮ್ಮನ್ನು ಕಾಪಾಡಿತು. ಹೊಟ್ಟೆಕಿಚ್ಚು ಪಟ್ಟವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನಾಟಕಕಾರನೂ ಬರೆದಿಲ್ಲ.

ಆದರೆ ಶಿಕ್ಷೆ ಅಲ್ಲಿಗೇ ನಿಲ್ಲಲಿಲ್ಲ. ಆ ಶನಿವಾರ ಮನೆಗೆ ನಡೆದು ಬರುವಾಗ ನೀನು ಅಂದೆ: “ಏಳನೇ ಸಾಲಲ್ಲಿ ಒಂದು ಕಾರ್ಡ್ ಇತ್ತು ರೀ. ಮೊದಲ ಸುತ್ತಲ್ಲಿ ಅವರು ಬೇರೆ ಸ್ವರ ಬಾರಿಸಿದ್ರು; ಅದನ್ನ ನನ್ನ ಹಾಳೆಯಲ್ಲಿ ಮಾತ್ರ ಬರೆದಿದ್ರು, ನನ್ನ ಕೈಗೇ ಅಂತ. ಕಲಿಯೋಕೆ ಶುರುಮಾಡಿದಾಗಿಂದ ಯಾರೂ ನನಗೇ ಅಂತ ಏನೂ ಬರೆದಿರ್ಲಿಲ್ಲ.” ಮರುದಿನ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದೆ, ಅಷ್ಟು ಒಳಗಣ್ಣಿಂದ ನೋಡಿ ಬರೆಯುವವರ ಜೊತೆ ಮೂರು ತಿಂಗಳೇನು, ಮೂರು ವರ್ಷವಾದರೂ ಹೋಗಿ ಬಾರಿಸುತ್ತೇನೆ ಎಂದು. ನಾನು ಅಡುಗೆಮನೆಯಲ್ಲಿ ಒಂದೇ ಲೋಟವನ್ನು ಮೂರು ಸಲ ತೊಳೆದೆ.

ಕನ್ನಡಕ ಸುಳ್ಳು ಹೇಳಲಿಲ್ಲ. ಇಷ್ಟವಿಲ್ಲದಿದ್ದರೂ ಈ ಮಾತು ಬರೆಯಬೇಕು. ಆ ಕಾರ್ಡ್ ತುಂಬ ಚೆನ್ನಾಗಿತ್ತು ಎಂದು ನೀನು ಅವನಿಗೆ ಹೇಳಿದಾಗ ನಾನು ಹಿಂದೆಯೇ ನಿಂತಿದ್ದೆ. ಅವನು, “ಹೌದು ಮೇಡಂ, ಮೈ ಜುಮ್ಮಂತು” ಎಂದ. ನೀನೇ ಅಲ್ಲೇ ಹುಟ್ಟಿಸಿ ಬಾರಿಸಿದೆ ಎಂದು ಅವನು ತಿಳಿದಿದ್ದಾನೆ. ಅವನೇ ಬರೆದದ್ದೆಂದು ನೀನು ತಿಳಿದಿದ್ದೀಯ. ಒಬ್ಬರನ್ನೊಬ್ಬರು ಹೊಗಳಿಕೊಂಡು ಇಬ್ಬರೂ ಸುಖವಾಗಿದ್ದೀರಿ. ಬರೆದವನು ಮಾತ್ರ ನಿಮ್ಮ ಕೋಟುಗಳನ್ನು ಹಿಡಿದುಕೊಂಡು ನಿಂತಿದ್ದ.

ಆ ಕಾರ್ಡ್ ನನ್ನದು. ನಿನ್ನನ್ನು ಬೀಳಿಸಲು ಬರೆದೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ಆದರೆ ಈ ಕಾಗದ ಬರೆದದ್ದು ಪಶ್ಚಾತ್ತಾಪದಿಂದ ಮಾತ್ರ ಎಂದರೆ ಅದೂ ನಾಟಕವೇ ಆದೀತು. ತಪ್ಪು ಒಪ್ಪಿಕೊಳ್ಳದೆ ಸುಮ್ಮನಿದ್ದು ಬಚಾವಾಗಬಹುದಿತ್ತು. ಆ ನಗುವಿನ ಕೀರ್ತಿ ಅವನಿಗೆ ಹೋಗುವುದನ್ನು ಸಹಿಸಲು ಆಗಲಿಲ್ಲ. ಅಪರಾಧಿಯೆಂದಾದರೂ ಸರಿ, ನನ್ನ ಹೆಸರು ಅಲ್ಲಿರಲಿ.

ಹೋಗಬೇಡ ಎನ್ನುವ ಹಕ್ಕು ನನಗಿಲ್ಲ. ನೀನು ಚೆನ್ನಾಗಿ ಬಾರಿಸುತ್ತೀಯ ಎಂದು ಹೋಗು. ಇಂಥದ್ದೇ ಒಂದು ಕಾಲ ನನಗೂ ಇತ್ತು, ಊರೂರು ಸುತ್ತಿದೆ, ನೀನು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟೆ. ಯಾರೋ ನಿನ್ನನ್ನು ಒಳಗಣ್ಣಿಂದ ನೋಡಿದರು ಎಂಬ ನಂಬಿಕೆಯ ಮೇಲೆ ಮಾತ್ರ ಹೋಗಬೇಡ. ಹಾಗೆ ಯಾರೂ ನೋಡಿಲ್ಲ. ಒಬ್ಬ ಮುದಿ ನಟ ಕೆಟ್ಟ ಕಣ್ಣಿಂದ ನೋಡಿದ, ಅಷ್ಟೇ. ಈ ಊರಿನ ನಾಟಕ ಮುಗಿಸಿ ಭಾನುವಾರ ಮಧ್ಯಾಹ್ನ ಮನೆಗೆ ಬರುತ್ತೇನೆ. ಬಾಗಿಲು ತೆಗೆಯುವುದೂ ಬಿಡುವುದೂ ನಿನಗೆ ಸೇರಿದ್ದು. ಈ ಸಲ ಯಾವ ಮಾತನ್ನೂ ಬರೆದುಕೊಂಡು ಬರುವುದಿಲ್ಲ.

ಅರ್ಧ ಮೀಸೆಯಲ್ಲಿ,
ನಿನ್ನ ದೊರೆ

ಮರೆತಿದ್ದೆ: ಮೇಲೆ ‘ಒಂದೇ ಒಂದು ಸಲ’ ಎಂದು ಬರೆದದ್ದು ಸುಳ್ಳು. ಫ್ರಿಜ್ಜಿನ ಮೇಲೆ ಇಟ್ಟುಬಂದೆನಲ್ಲ, ನೀವು ಹೊಸದಾಗಿ ಎತ್ತಿಕೊಳ್ಳುವ ಆ ನಿಧಾನದ ಹಾಡಿನ ಹಾಳೆ, ಅದೂ ನನ್ನ ನಕಲೇ. ಕನ್ನಡಕ ಅದನ್ನು ಹೋದ ವಾರದ ಬುಧವಾರವೇ ತಂದುಕೊಟ್ಟಿದ್ದ. ಆರು ದಿನ ನನ್ನ ಹತ್ತಿರ ಇತ್ತು. ಮೂರನೇ ಸಾಲಿನ ಕೊನೆಯಲ್ಲಿ ಒಂದು ಕಾರ್ಡ್ ಬದಲಿಸಿದ್ದೇನೆ. ಈ ಸಲ ಬೀಳಿಸಲು ಅಲ್ಲ. ಬಟ್ಟೆ ಒಗೆಯುವ ಅಂಗಡಿಯ ಆ ಮಹಡಿಯಲ್ಲಿ ಕೂತು ನೂರು ಸಲವಾದರೂ ಒತ್ತಿ ನೋಡಿದ್ದೇನೆ, ನಿನ್ನ ಕೈ ಎಷ್ಟು ಅಗಲಕ್ಕೆ ಚಾಚುತ್ತದೆಂದು ನೆನಪು ಮಾಡಿಕೊಂಡು. ಬುಡದ ಸ್ವರ ಬಿಟ್ಟೇ ಬಾರಿಸು. ಚೆನ್ನಾಗಿಲ್ಲದಿದ್ದರೆ ಗೀಟು ಎಳೆದುಬಿಡು. ಚೆನ್ನಾಗಿದ್ದರೆ, ದಯವಿಟ್ಟು, ಅದನ್ನು ಬಾರಿಸುವಾಗ ಅವನ ಕಡೆ ನೋಡಬೇಡ.