ಹುಲಿಗೆಮ್ಮನ ಹೊಣೆಗಾಲ

ಸಿಂಧನೂರು
ಕ್ರಿ.ಶ. 2231, ಎರಡನೇ ಬೇಸಿಗೆ

ಇನ್ನೂರು ವರ್ಷ ಹಿಂದಿನ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖನ್ನು ನೀವು ನಂಬಲಾರಿರಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಮಾತುಗಳೂ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮ್ಮಿಂದ ಬಂದ ಕನ್ನಡವೇ ಇದು, ಬಹಳ ದೂರ ನಡೆದು ಸವೆದಿದೆ.

ನಮ್ಮ ಕಾಲೇಜಿನಲ್ಲಿ ನಾಯಕತ್ವವೂ ಒಂದು ವಿಷಯ. ಮಧ್ಯಾಹ್ನ ಹೊರಗೆ ಕಾಲಿಡಲಾಗದ ಕಾರಣ ಆ ಹೊತ್ತಿನಲ್ಲಿ ನೆಲಮಾಳಿಗೆಯಲ್ಲಿ ಪಾಠ ನಡೆಯುತ್ತದೆ. ಜಗಳ ಬಿಡಿಸುವುದು ಹೇಗೆ, ಸಭೆಯಲ್ಲಿ ಬಾಯಿ ಬಿಡದವರ ಮನಸ್ಸು ತಿಳಿಯುವುದು ಹೇಗೆ ಎಂದು ಒಂದು ವರ್ಷ ಕಲಿಯುತ್ತೇವೆ. ಆಮೇಲೆ ಹೊಣೆಗಾಲ, ಅಂದರೆ ಪ್ರತಿ ವಿದ್ಯಾರ್ಥಿಗೂ ಒಂದು ಊರನ್ನು ಒಂದು ಬೇಸಿಗೆಯ ಮಟ್ಟಿಗೆ ಒಪ್ಪಿಸುತ್ತಾರೆ. ಅನುಭವವಿಲ್ಲದ ಪಾಠ ಪೊಳ್ಳು ಎಂದು ಹಿಂದಿನವರು, ಬಹುಶಃ ನೀವೇ, ಹೇಳಿಹೋಗಿದ್ದೀರಿ.

ನನ್ನ ಜೊತೆ ಓದಿದ ಹುಲಿಗೆಮ್ಮನಿಗೆ ಸಿಕ್ಕಿದ್ದು ಕಾಲುವೆಯ ಕೊನೆಯಲ್ಲಿರುವ ಹೊಸಹಟ್ಟಿ. ಬಿಸಿಲಿಗೆ ನೀರು ಆರದಂತೆ ಅಲ್ಲಿ ಕಾಲುವೆಗೆ ಜೊಂಡಿನ ಚಾಪೆ ಹೊದಿಸುತ್ತಾರೆ. ಬೆಳಗಿನ ಮಬ್ಬಿನಲ್ಲೇ ಹೊಲದ ಕೆಲಸ ಮುಗಿಸುತ್ತಾರೆ. ಮೇಲಿನ ಓಣಿಯವರು ನೀರು ಹಿಡಿದುಬಿಟ್ಟರೆ ಕೆಳಗಿನ ಓಣಿಗೆ ಕೆಸರೇ ಗತಿ. ಎರಡೂ ಓಣಿಗಳ ನಡುವೆ ಹೆಣ್ಣು ಕೊಟ್ಟು ತರುವುದು ಎಂದೋ ನಿಂತುಹೋಗಿತ್ತು.

ಹುಲಿಗೆಮ್ಮ ಭಾಷಣ ಮಾಡಲಿಲ್ಲ. ಮನೆಮನೆಗೆ ಹೋಗಿ ಹೆಂಗಸರ ಜೊತೆ ಚಾಪೆ ಹೆಣೆಯುತ್ತ ಕೂತಳು. ಮೇಲೋಣಿಯ ಹಿರಿಯ ಫಕೀರಪ್ಪಜ್ಜ ಮೊದಲು ಅವಳನ್ನು ಕಟ್ಟೆಯ ಮೇಲೆ ಕೂರಲೂ ಬಿಡಲಿಲ್ಲವಂತೆ. ಕೊನೆಗೆ ಮೊದಲ ಸರದಿಯ ನೀರನ್ನು ಕೆಳಗಿನವರಿಗೆ ಬಿಡಲು ಒಪ್ಪಿದವನೂ ಅವನೇ. ತನ್ನವರಿಂದ ಬೈಸಿಕೊಂಡ. ಈ ಹುಡುಗಿ ಇರುವತನಕ ಮೋಸವಾಗುವುದಿಲ್ಲ ಎಂದು ಎರಡೂ ಓಣಿಗೆ ತಾನೇ ಜಾಮೀನಾಗಿ ನಿಂತ.

ಬೇಸಿಗೆ ಮುಗಿಯಿತು. ನಿಯಮದಂತೆ ಅವಳನ್ನು ವಾಪಸ್ಸು ಕರೆದರು. ಮತ್ತೆ ಯಾವಾಗ ಬರುತ್ತೀ ಎಂದು ಅಜ್ಜ ಕೇಳಿದ. ಅವಳು ಒಂದೇ ಬೇಸಿಗೆಗೆ ಬಂದವಳೆಂದು ಊರಿಗೆ ಯಾರೂ ಹೇಳಿರಲಿಲ್ಲ. ಅವಳ ಜಾಗಕ್ಕೆ ಬಂದ ವಿದ್ಯಾರ್ಥಿ ತನ್ನದೇ ಯೋಜನೆ ತಂದಿದ್ದ. ಸರದಿಯನ್ನು ಹೊಸದಾಗಿ ಹಂಚಿದ. ಕೆಳಗಿನವರು ಮೋಸವಾಯಿತೆಂದರು. ತೂಬಿನ ಹತ್ತಿರ ಹೊಡೆದಾಟವಾಯಿತು. ಬಿಡಿಸಲು ನಡುವೆ ಹೋದ ಫಕೀರಪ್ಪಜ್ಜನ ತಲೆಗೆ ಕಲ್ಲು ಬಿತ್ತು. ಮತ್ತೆ ಏಳಲಿಲ್ಲ.

ಸುದ್ದಿ ಬಂದಾಗ ಹುಲಿಗೆಮ್ಮ ತರಗತಿಯಲ್ಲಿ ನಮಗೆಲ್ಲ ತನ್ನ ಅನುಭವ ಹೇಳುತ್ತಿದ್ದಳು. ಅರ್ಧಕ್ಕೇ ಬಿಟ್ಟು ಹೊರಟಳು. ನಾನೂ ಜೊತೆಗೆ ಹೋದೆ. ಹೊಸಹಟ್ಟಿಯಲ್ಲಿ ಯಾರೂ ಬೈಯಲಿಲ್ಲ. ಅಜ್ಜನ ಹೆಂಡತಿ ದ್ಯಾವಮ್ಮ ಅವಳಿಗೆ ನೀರು ಕೊಟ್ಟು, ಕುಡಿದು ಮುಗಿಸುವತನಕ ಕಾದಳು.

"ನೀ ಕಲಿಯಾಕ ಬಂದಿದ್ದಿ, ಕಲ್ತಿ, ಹೋದಿ," ಎಂದಳು. "ನಾವು ಇಲ್ಲೇ ಬದುಕಾಕ ಹತ್ತಿದ್ವಿ, ಯವ್ವಾ."

ಇಲ್ಲೇ ಉಳಿಯುತ್ತೇನೆ ಎಂದು ಹುಲಿಗೆಮ್ಮ ಬೇಡಿಕೊಂಡಳು. ಊರು ಒಪ್ಪಲಿಲ್ಲ. ಅವಳು ಕಾಲೇಜಿಗೂ ಮರಳಲಿಲ್ಲ. ಬಡಗಣ ದಾರಿ ಹಿಡಿದಳೆಂದು ಯಾರೋ ಹೇಳಿದರು, ಅಷ್ಟೇ. ಈಗ ಕಾಲೇಜಿನಲ್ಲಿ ನಾಯಕತ್ವದ ಪಾಠವನ್ನು ನಾನು ಹೇಳುತ್ತಿದ್ದೇನೆ.

ನಿಮ್ಮ ಮಕ್ಕಳನ್ನು ಜನರ ನಡುವೆ ಕಳಿಸಿ, ಖಂಡಿತ ಕಳಿಸಿ. ಆದರೆ ಅವರು ಯಾವತ್ತು ಹೊರಟುಬಿಡುತ್ತಾರೆಂದು ಆ ಜನರಿಗೆ ಮೊದಲೇ ತಿಳಿಸಿ. ಅವರು ಹೋದಮೇಲೆ, ಅವರನ್ನು ನಂಬಿ ಊರಿನವರು ಕೊಟ್ಟ ಮಾತಿಗೆ ಯಾರು ನಿಲ್ಲುತ್ತಾರೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಆ ವರ್ಷ ಯಾರನ್ನೂ ಕಳಿಸಬೇಡಿ.

ನಿಮ್ಮ ನಂತರದವಳು,
ನಿಂಬೆವ್ವ